ನೋಟಿಸಿಗೆ ಸಹಿ ಹಾಕುವ ಮುನ್ನ ಶೆಡ್ಡಿನೊಳಗೆ ಬನ್ನಿ

ಬೆಳಗಾವಿ ಮಹಾನಗರ ಪಾಲಿಕೆಯ ಮಹಾಪೌರರು ಮತ್ತು ಆಯುಕ್ತರಿಗೆ, ಹಾಗೂ ರಾಜ್ಯದ ಎಲ್ಲ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಅಧ್ಯಕ್ಷರು, ಪೌರಾಯುಕ್ತರು ಮತ್ತು ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬೆಳಗಾವಿಯಲ್ಲಿ ಪುಣೆಯ ಕಡೆಗೆ ಹೋಗುವ ರೈಲು ಹತ್ತಿದರೆ ಮಿರಜ, ಸಾಂಗಲಿ ದಾಟಿದ ಸ್ವಲ್ಪ ಹೊತ್ತಿಗೆ ಒಂದು ನಿಲ್ದಾಣದ ಹಳದಿ ಫಲಕ ಕಿಟಕಿಯಾಚೆ ಹಾದುಹೋಗುತ್ತದೆ. ಅದರ ಮೇಲೆ ಕಿರ್ಲೋಸ್ಕರವಾಡಿ ಎಂದು ಬರೆದಿದೆ. ಆ ದಾರಿಯಲ್ಲಿ ಹೋದಾಗಲೆಲ್ಲ ನಾನು ಆ ಫಲಕಕ್ಕಾಗಿ ಕಾಯುತ್ತೇನೆ. ಒಬ್ಬ ಮನುಷ್ಯನ ಕಾರ್ಖಾನೆಯ ಹೆಸರು ಒಂದು ಊರಿಗೂ ಒಂದು ರೈಲು ನಿಲ್ದಾಣಕ್ಕೂ ಬಂದಿದೆಯಲ್ಲ ಎಂಬ ಸಂತೋಷ ಒಂದು ಕಡೆ. ಆ ಊರು ಇರಬೇಕಾಗಿದ್ದದ್ದು ಇಲ್ಲಲ್ಲ, ಬೆಳಗಾವಿಯಲ್ಲಿ ಎಂಬ ಸಂಕಟ ಇನ್ನೊಂದು ಕಡೆ. ಈ ಸಂಕಟವನ್ನು ನಿಮ್ಮೆದುರು ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ನಮ್ಮದೇ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಅದೇ ಊರಿನಲ್ಲಿ. ಒಂದೇ ಮನೆತನ, ಒಂದೇ ಹಳ್ಳಿ. ಒಬ್ಬರು ರಂಗಭೂಮಿಗೆ ಹೋದರು, ಇನ್ನೊಬ್ಬರು ಕಬ್ಬಿಣಕ್ಕೆ ಬಂದರು. ಆದರೆ ಲಕ್ಷ್ಮಣರಾಯರು ಮೊದಲು ಹೊರಟದ್ದು ಕಬ್ಬಿಣದ ಕಡೆಗೆ ಅಲ್ಲ. ಅವರಿಗೆ ಚಿತ್ರಕಾರರಾಗುವ ಆಸೆಯಿತ್ತು. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಬಣ್ಣಗಳನ್ನು ಪೂರ್ತಿಯಾಗಿ ಗುರುತಿಸಲು ತಮ್ಮ ಕಣ್ಣಿಗೆ ಆಗುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಕುಂಚ ಹಿಡಿಯಬೇಕೆಂದು ಊರು ಬಿಟ್ಟು ಬಂದ ಹುಡುಗನಿಗೆ ಇದಕ್ಕಿಂತ ದೊಡ್ಡ ಹೊಡೆತ ಬೇರೆ ಯಾವುದಿದ್ದೀತು? ಅವರು ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು.

ಅದೇ ಕಾಲದಲ್ಲಿ, 1888ರಲ್ಲಿ, ಅಣ್ಣ ರಾಮುಅಣ್ಣನವರ ಜೊತೆ ಸೇರಿ ಬೆಳಗಾವಿಯಲ್ಲಿ ಒಂದು ಸಣ್ಣ ಸೈಕಲ್ ಅಂಗಡಿ ತೆರೆದರು. ತಮ್ಮನಾದ ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ ಕೊಂಡು ಕಳಿಸುವುದು, ಅಣ್ಣ ಇಲ್ಲಿ ಮಾರುವುದು. ಸೈಕಲ್ ಎಂದರೆ ಸಾಹೇಬರೂ ಸಾಹುಕಾರರೂ ಮಾತ್ರ ಏರುವ ವಾಹನವಾಗಿದ್ದ ದಿನಗಳು ಅವು. ಮುಂದೆ ಮುಂಬಯಿಯ ಸಂಸ್ಥೆಯಲ್ಲಿ ತಮಗೆ ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನರಿಗೆ ಹೋದಾಗ ಲಕ್ಷ್ಮಣರಾಯರು ಕೆಲಸ ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು. ಮೇವು ಕತ್ತರಿಸುವ ಯಂತ್ರ ಮಾಡಿದರು. ಅದರ ಬೆನ್ನಿಗೆ ಕಬ್ಬಿಣದ ನೇಗಿಲು ಮಾಡಿದರು.

ಮಾಡಿದ ನೇಗಿಲು ಎರಡು ವರ್ಷ ಹಾಗೆಯೇ ಬಿದ್ದಿತ್ತು. ಕೊಳ್ಳುವವರು ಒಬ್ಬರೂ ಬರಲಿಲ್ಲ.

ಈ ಎರಡು ವರ್ಷದ ಮಾತನ್ನು ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ನಂಬಿದ್ದರು, ಅದು ಅವರ ಮೂಢನಂಬಿಕೆ, ಕೊನೆಗೆ ಲಕ್ಷ್ಮಣರಾಯರು ಗೆದ್ದರು ಎಂದು ಹೇಳುತ್ತಾರೆ. ಒಕ್ಕಲುತನದ ಮನೆಯಲ್ಲಿ ಬೆಳೆದ ನನಗೆ ಈ ಸಾಲು ಅರ್ಧ ನಿಜ ಅನ್ನಿಸುತ್ತದೆ. ಆ ನಂಬಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಕೆಳಗೆ ಒಂದು ಲೆಕ್ಕಾಚಾರವೂ ಇದ್ದಿರಬೇಕು. ಮರದ ನೇಗಿಲನ್ನು ಊರಿನ ಬಡಿಗ ಮಾಡಿಕೊಡುತ್ತಿದ್ದ. ಕುಳ ಮೊಂಡಾದರೆ ಊರಿನ ಕಂಬಾರ ಕಾಯಿಸಿ ಬಡಿದು ಚೂಪು ಮಾಡಿಕೊಡುತ್ತಿದ್ದ. ಇಬ್ಬರಿಗೂ ಸುಗ್ಗಿಯಲ್ಲಿ ಕಣದಲ್ಲಿಯೇ ಆಯದ ಕಾಳು ಅಳೆದರೆ ಮುಗಿಯಿತು, ಕೈಯಿಂದ ರೊಕ್ಕ ಬಿಚ್ಚುವ ಮಾತಿಲ್ಲ. ಎರಕದ ಕಬ್ಬಿಣದ ಕತೆ ಹಾಗಲ್ಲ. ಅದನ್ನು ಕಂಬಾರ ಕಾಯಿಸಿ ಬಡಿಯಲು ಹೋದರೆ ಒಡೆಯುತ್ತದೆ. ಮೂತಿ ಸವೆದರೆ ಹೊಸ ಮೂತಿಯನ್ನು ಪೇಟೆಯಿಂದಲೇ ತರಬೇಕು, ಅದೂ ರೊಕ್ಕ ಕೊಟ್ಟು. ಮರದ ನೇಗಿಲನ್ನು ಹೆಗಲ ಮೇಲೆ ಹೊತ್ತು ಹೊಲಕ್ಕೆ ಹೋಗಬಹುದು, ಇದನ್ನು ಹೊರಲಾಗದು. ಒಂದು ಜೋಡಿ ಎತ್ತು ಎಳೆಯುತ್ತಿದ್ದ ಕೆಲಸಕ್ಕೆ ಎರಡು ಮೂರು ಜೋಡಿ ಹೂಡಬೇಕು. ಬಿತ್ತನೆಯ ಹದ ಇರುವುದು ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ನೇಗಿಲು ಮುರಿದರೆ ಬೆಳಗಾವಿಗೆ ಹೋಗಿ ಬರುವುದರೊಳಗೆ ಹದ ಆರಿರುತ್ತದೆ. ಇಷ್ಟೆಲ್ಲ ಯೋಚಿಸಿ ಬೇಡ ಎಂದವನನ್ನು ದಡ್ಡ ಎನ್ನುವುದು ಹೇಗೆ?

ಹಾಗಾದರೆ ಅವರು ಕೊನೆಗೆ ಕೊಂಡದ್ದು ಏಕೆ? ಮರದ ನೇಗಿಲು ನೆಲವನ್ನು ಸೀಳುತ್ತದೆ ಅಷ್ಟೆ. ಕಬ್ಬಿಣದ ನೇಗಿಲು ಮಣ್ಣನ್ನು ಮಗುಚಿ ಹಾಕುತ್ತದೆ. ಎರೆಹೊಲದಲ್ಲಿ ಕರಿಕೆ ಹುಲ್ಲು ಬೇರೂರಿದರೆ ಏನಾಗುತ್ತದೆ ಎಂದು ಗೊತ್ತಿದ್ದವರಿಗೆ ಈ ಮಾತಿನ ಬೆಲೆ ಗೊತ್ತು. ಯಾರೋ ಒಬ್ಬ ಧೈರ್ಯ ಮಾಡಿ ಕೊಂಡ, ಅವನ ಹೊಲವನ್ನು ಪಕ್ಕದ ಹೊಲದವನು ನೋಡಿದ, ಮಾತು ಹಬ್ಬಿತು. ಲಕ್ಷ್ಮಣರಾಯರ ದೊಡ್ಡತನ ನನಗೆ ಕಾಣುವುದು ನೇಗಿಲು ಮಾಡಿದ್ದರಲ್ಲಿ ಮಾತ್ರವಲ್ಲ. ಆ ನಮೂನೆಯ ನೇಗಿಲು ಆಗಲೇ ವಿಲಾಯತಿಯಿಂದ ಬರುತ್ತಿತ್ತು. ಎರಡು ವರ್ಷ ಮಾರಾಟವಾಗದ ಮಾಲನ್ನು ಎದುರಿಗಿಟ್ಟುಕೊಂಡು ಕುಲುಮೆ ಆರಿಸದೆ ಕಾದರಲ್ಲ, ಅದರಲ್ಲಿ ಕಾಣುತ್ತದೆ.

ಇನ್ನೇನು ನೇಗಿಲಿಗೆ ಗಿರಾಕಿಗಳು ಬರತೊಡಗಿದ್ದರು. ಆಗ ಬೆಳಗಾವಿ ಪುರಸಭೆ ಜಾಗ ಬಿಡಲು ಹೇಳಿತು.

ಊರು ಬೆಳೆಯುತ್ತಿತ್ತು. ಈಗ ನಾವು ಟಿಳಕವಾಡಿ ಎಂದು ಕರೆಯುವ ಬಡಾವಣೆಯನ್ನು ವಿಸ್ತರಿಸಲು ಕಾರ್ಖಾನೆಯ ನೆಲ ಬೇಕಾಗಿತ್ತು. ಅಂದಿನ ಪುರಸಭೆಯವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಜನಕ್ಕೆ ಮನೆ ಬೇಕು, ಗಾಳಿ ಬೇಕು, ರಸ್ತೆ ಬೇಕು. ಪ್ಲೇಗಿನ ವರ್ಷಗಳನ್ನು ಕಂಡ ಊರುಗಳು ಇಕ್ಕಟ್ಟಿನ ಗಲ್ಲಿಗಳನ್ನು ಬಿಟ್ಟು ಹೊರಗೆ ಹರಡುತ್ತಿದ್ದ ಕಾಲ ಅದು. ಅವರು ನಕ್ಷೆಯ ಮೇಲೆ ಒಂದು ಶೆಡ್ಡು ನೋಡಿದರು, ಅದು ಹೋಗಬೇಕು ಎಂದರು. ಶೆಡ್ಡಿನ ಒಳಗೆ ಏನಿದೆ ಎಂದು ನೋಡುವುದು ಅವರ ಕೆಲಸದಲ್ಲಿ ಸೇರಿರಲಿಲ್ಲ. ನನ್ನ ದೂರು ಇರುವುದು ಇಷ್ಟರ ಮೇಲೆಯೇ. ನೂರು ವರ್ಷ ದಾಟಿದರೂ ಅದು ಇನ್ನೂ ನಿಮ್ಮ ಕೆಲಸದಲ್ಲಿ ಸೇರಿಲ್ಲ.

ಜಾಗ ಕಳೆದುಕೊಂಡ ಲಕ್ಷ್ಮಣರಾಯರನ್ನು ತಮ್ಮಲ್ಲಿಗೆ ಕರೆದದ್ದು ಔಂಧದ ರಾಜ, ಭವಾನರಾವ್ ಪಂತ ಪ್ರತಿನಿಧಿ. ಸೂರ್ಯನಮಸ್ಕಾರವನ್ನು ಮನೆಮನೆಗೆ ಹಬ್ಬಿಸಿದವರೆಂದು ಇಂದು ಅವರ ಹೆಸರು ಕೆಲವರಿಗೆ ಗೊತ್ತು. ಅವರು ಸ್ವತಃ ಚಿತ್ರಕಾರರು, ಔಂಧದಲ್ಲಿ ಒಂದು ಕಲಾಸಂಗ್ರಹಾಲಯವನ್ನೇ ಕಟ್ಟಿದವರು. ಬಣ್ಣ ಕಾಣದ ಕಣ್ಣಿನಿಂದಾಗಿ ಚಿತ್ರಕಲೆ ಬಿಟ್ಟ ಮನುಷ್ಯನಿಗೆ ನೆಲೆ ಕೊಟ್ಟದ್ದು ಚಿತ್ರ ಬರೆಯುವ ರಾಜ ಎಂಬುದನ್ನು ನೆನೆದಾಗ ನನಗೆ ಪ್ರತಿ ಸಲವೂ ಮನಸ್ಸು ತುಂಬಿ ಬರುತ್ತದೆ. ಔಂಧ ದೊಡ್ಡ ಸಂಸ್ಥಾನವೇನಲ್ಲ, ಅಲ್ಲೊಂದು ಇಲ್ಲೊಂದು ತುಣುಕಾಗಿ ಚದುರಿದ್ದ ಸಣ್ಣ ರಾಜ್ಯ. ರಾಜರು ಕುಂಡಲದ ಹತ್ತಿರ ನೆಲ ಕೊಟ್ಟರು, ಬಡ್ಡಿಯಿಲ್ಲದ ಸಾಲ ಕೊಟ್ಟರು. ನೆಲವೇನೂ ಒಳ್ಳೆಯದಾಗಿರಲಿಲ್ಲ. ಪಾಪಾಸುಕಳ್ಳಿ ಬೆಳೆದ, ಹಾವು ಹರಿಯುವ ಬಂಜರು. ಆದರೆ ರೈಲು ದಾರಿ ಪಕ್ಕದಲ್ಲಿತ್ತು, ಮತ್ತು ಅಲ್ಲಿಂದ ಏಳಿ ಎನ್ನುವವರು ಯಾರೂ ಇರಲಿಲ್ಲ. 1910ರಲ್ಲಿ ಬೆಳಗಾವಿಯ ಕೆಲಸಗಾರರು ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೆ ಹೋಗಿ ಕಳ್ಳಿ ಕಡಿದರು. ದೇಶದ ಮೊದಮೊದಲ ಕೈಗಾರಿಕಾ ಊರುಗಳಲ್ಲಿ ಒಂದಾದ ಕಿರ್ಲೋಸ್ಕರವಾಡಿ ಎದ್ದು ನಿಂತದ್ದು ಹೀಗೆ. ಜೈಲಿನಿಂದ ಬಂದವರೆಂದು ಬೇರೆ ಯಾರೂ ಹತ್ತಿರ ಸೇರಿಸದವರನ್ನು ಲಕ್ಷ್ಮಣರಾಯರು ಕರೆದು ಊರಿನ ಕಾವಲಿಗೆ ಇಟ್ಟರು. ಮನುಷ್ಯನಿಗೆ ಇನ್ನೊಂದು ಅವಕಾಶ ಸಿಗಬೇಕು ಎಂಬುದು, ಸ್ವತಃ ಜಾಗ ಕಳೆದುಕೊಂಡು ಬಂದವರಿಗೆ ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ಭಾವನೆ.

ಮೊದಲ ಮಹಾಯುದ್ಧದಲ್ಲಿ ಹೊರಗಿನಿಂದ ಬರುವ ಕಬ್ಬಿಣ ನಿಂತಿತು. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮಲ್ಲಿದ್ದ ಹಳೆಯ ಫಿರಂಗಿಗಳನ್ನು ಕೊಟ್ಟರು. ಕೋಟೆಯ ಮೇಲೆ ಕುಳಿತಿದ್ದ ಫಿರಂಗಿ ಕರಗಿ ನೇಗಿಲಾಗಿ ಹೊಲಕ್ಕೆ ಇಳಿಯಿತು. ನೇಗಿಲು, ಪಂಪುಗಳ ಸುದ್ದಿ ತಿಳಿಸಲೆಂದು ಕಾರ್ಖಾನೆ ಶುರುಮಾಡಿದ ಸಣ್ಣ ಪತ್ರಿಕೆಯೊಂದು ಮುಂದೆ ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಯಿತು. ಇವೆಲ್ಲ ಕುಂಡಲದ ಬಂಜರಿನಿಂದ ಎದ್ದು ಬಂದವು. ಬೆಳಗಾವಿಯಲ್ಲಿ ಉಳಿದಿದ್ದರೆ ಇದೆಲ್ಲ ಹೀಗೆಯೇ ಆಗುತ್ತಿತ್ತು ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಆಗುವ ಅವಕಾಶವನ್ನು ನಾವು ಕಳೆದುಕೊಂಡೆವು. ಇಂದು ಬೆಳಗಾವಿಯ ಪೇಟೆಯ ನಡುವೆ ಕಿರ್ಲೋಸ್ಕರ ರಸ್ತೆ ಇದೆ. ಆ ಹೆಸರು ಅಲ್ಲಿ ಏಕಿದೆ, ಆ ಕಾರ್ಖಾನೆ ಅಲ್ಲಿ ಏಕಿಲ್ಲ ಎಂದು ಆ ರಸ್ತೆಯಲ್ಲಿ ನಡೆಯುವ ಮಕ್ಕಳಿಗೆ ಹೇಳುವ ಒಂದು ಫಲಕವೂ ಇಲ್ಲದಿದ್ದರೆ ಹೇಗೆ?

ಮಾನ್ಯರೇ, ಈ ಕತೆ ತಿರುಗಿ ಕನ್ನಡ ನಾಡಿಗೆ ಬಂತು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಊರಿನಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸುತ್ತ ಕೊರೆಯುವ ಯಂತ್ರಗಳನ್ನು ಮಾಡುತ್ತಿದ್ದರು. ಅಲ್ಲಿಂದ ಮುಂದೆ ಐದಾರು ದಶಕ ಹರಿಹರದ ಲೇತ್ ಎಂದರೆ ಸಣ್ಣ ವರ್ಕ್‌ಶಾಪಿನವರ ಪಾಲಿಗೆ ಮನೆಗೆ ಬಂದ ಸೊಸೆಯಿದ್ದಂತೆ, ಒಮ್ಮೆ ಬಂದರೆ ಮನೆಯನ್ನು ನಡೆಸಿಕೊಂಡು ಹೋಗುವಂಥದ್ದು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಅದು ಬೇರೆಯೇ ದುಃಖ, ಇಲ್ಲಿ ಬೇಡ. ಆ ಹರಿಹರದ ಲೇತ್ ಒಂದರ ಬಗ್ಗೆ ಮಾತ್ರ ಹೇಳಬೇಕು, ಏಕೆಂದರೆ ಅದು ನಮ್ಮ ಸೋದರಮಾವನದು.

ಮಾವ ಅದನ್ನು ಕೊಂಡದ್ದು ಸೆಕೆಂಡ್ ಹ್ಯಾಂಡ್, ಅತ್ತೆಯ ನಾಲ್ಕು ಬಳೆ ಅಡವಿಟ್ಟು. ಊರಿನ ಅಂಚಿನಲ್ಲಿ, ಮುನ್ನೂರು ಚದರ ಅಡಿಯ ತಗಡಿನ ಶೆಡ್ಡು. ಒಂದು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ಒಂದು ವೆಲ್ಡಿಂಗ್ ಸೆಟ್. ಟ್ರ್ಯಾಕ್ಟರಿನ ಪಿನ್ನು, ಬುಷ್ ಕೊರೆದುಕೊಡುವುದು ಹೊಟ್ಟೆಪಾಡು. ಆದರೆ ಸಂಜೆಯ ಮೇಲೆ ಅವನು ತನಗಾಗಿ ಒಂದು ಕೆಲಸ ಮಾಡುತ್ತಿದ್ದ. ಹಳೆಯ ಸೈಕಲ್ ಚಕ್ರಕ್ಕೆ ಹಿಡಿಕೆ, ಬ್ಲೇಡು ಹಾಕಿ ಕಳೆ ತೆಗೆಯುವ ಎಡೆಕುಂಟೆ ಮಾಡುತ್ತಿದ್ದ. ಅಂಥ ಸೈಕಲ್ ಎಡೆಕುಂಟೆ ಹೊಸದಲ್ಲ, ಅನೇಕ ಕಡೆ ಮಾಡುತ್ತಾರೆ. ಮಾವ ಮಾಡಿದ ಮೊದಲನೆಯದನ್ನು ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಒಬ್ಬ ಹೆಣ್ಣುಮಗಳು ಒಯ್ದಳು. ಮೂರು ದಿನ ಬಿಟ್ಟು ತಿರುಗಿ ತಂದಿಟ್ಟು, "ಅಣ್ಣಾ, ಇದು ಗಂಡಸರ ಎತ್ತರಕ್ಕೆ ಇದೆ. ತಳ್ಳುವವರು ನಾವು" ಎಂದಳು. ಮಾವ ಅವತ್ತು ರಾತ್ರಿ ಊಟಕ್ಕೆ ಬರಲಿಲ್ಲ. ಮರುದಿನ ಹಿಡಿಕೆಯ ಪೈಪಿನಲ್ಲಿ ನಾಲ್ಕು ತೂತು ಕೊರೆದು, ಒಂದು ಪಿನ್ನು ಹಾಕಿ, ಯಾರ ಎತ್ತರಕ್ಕೆ ಬೇಕಾದರೂ ಏರಿಸಿ ಇಳಿಸುವಂತೆ ಮಾಡಿದ್ದ. ಆ ವರ್ಷ ಹನ್ನೊಂದು ಎಡೆಕುಂಟೆ ಹೋದವು, ಬಹುಪಾಲು ಕೊಂಡವರು ಹೆಂಗಸರು. ಮುಂದಿನ ಮಳೆಗಾಲಕ್ಕೆ ಅಕ್ಕಪಕ್ಕದ ಎರಡು ಹಳ್ಳಿಯಿಂದ ಬೇಡಿಕೆ ಬಂದಿತ್ತು.

ನೋಟಿಸು ಬಂದದ್ದು ಬೇಸಿಗೆಯಲ್ಲಿ. ರಸ್ತೆ ಅಗಲ ಮಾಡುತ್ತಾರೆ, ಹದಿನೈದು ದಿನದಲ್ಲಿ ತೆರವು ಮಾಡಬೇಕು ಎಂದಿತ್ತು. ಊರಿನ ಹೆಸರು, ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ತಮ್ಮ ಮೇಲಿನವರು ಹೇಳಿದ್ದನ್ನು ಮಾಡಿದರು. ಮಾವನ ಹತ್ತಿರ ಜಾಗದ ಕಾಗದಪತ್ರ ಸರಿಯಿರಲಿಲ್ಲ ಎಂಬುದೂ ನಿಜ, ಬಾಡಿಗೆಯ ಕರಾರು ಬಾಯಿಮಾತಿನದು. ಅವನು ಕಚೇರಿಗೆ ಹೋಗಿ ಎರಡು ತಿಂಗಳ ಗಡುವು ಕೇಳಿದ. ಹದಿನೈದು ದಿನ ಎಂದರೆ ಹದಿನೈದೇ ದಿನ ಎಂದರು. ಒಬ್ಬ ಸಿಬ್ಬಂದಿ, "ಸಾಮಾನು ಎತ್ತಿ ಬೇರೆ ಕಡೆ ಇಟ್ಟುಕೊಳ್ಳಿ, ಅದಕ್ಕೇನು ಕಷ್ಟ?" ಎಂದರಂತೆ. ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆದ್ದರಿಂದ ಇದನ್ನು ನಿಮಗೆ ಬಿಡಿಸಿ ಹೇಳುತ್ತೇನೆ. ಲೇತ್ ಎಂದರೆ ಮೇಜು ಕುರ್ಚಿಯಲ್ಲ. ಅದನ್ನು ಕೂರಿಸಲು ನೆಲ ಅಗೆದು ಕಾಂಕ್ರೀಟಿನ ಪಾಯ ಹಾಕುತ್ತಾರೆ. ಬೋಲ್ಟುಗಳನ್ನು ಪಾಯದಲ್ಲಿ ಹೂಳುತ್ತಾರೆ. ಯಂತ್ರವನ್ನು ಮೇಲಿಟ್ಟು, ಈ ತುದಿಯಿಂದ ಆ ತುದಿಗೆ ಲೆವೆಲ್ ಇಟ್ಟು ನೋಡಿ, ಕಾಲಿನ ಕೆಳಗೆ ಕಾಗದದಷ್ಟು ತೆಳುವಾದ ತಗಡಿನ ಚೂರು ತೂರಿಸುತ್ತ, ತೆಗೆಯುತ್ತ, ಮತ್ತೆ ತೂರಿಸುತ್ತ ಒಂದಿಡೀ ದಿನ ಕಳೆಯುತ್ತಾರೆ. ಬೆಡ್, ಅಂದರೆ ಯಂತ್ರದ ಉದ್ದನೆಯ ತಳಭಾಗ, ಒಂದು ಕೂದಲೆಳೆಯಷ್ಟು ತಿರುಚಿಕೊಂಡರೂ ಕೊರೆದ ಶಾಫ್ಟು ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ ಬರುತ್ತದೆ. ಮಾವನ ಲೇತನ್ನು ಚೈನ್ ಪುಲ್ಲಿಗೆ ಕಟ್ಟಿ ಎತ್ತುವಾಗ ಸರಪಳಿ ಜಾರಿ ಅದು ಒಂದು ಗೇಣು ಎತ್ತರದಿಂದ ಬಿತ್ತು. ಬರೀ ಒಂದು ಗೇಣು. ಮಳೆಗಾಲ ಮುಗಿಯುವವರೆಗೆ ನಮ್ಮ ಮನೆಯ ಹಿತ್ತಿಲಿನಲ್ಲಿ ತಾಡಪತ್ರಿ ಹೊದೆಸಿಟ್ಟಿದ್ದೆವು. ಅತ್ತೆ ದಿನಕ್ಕೊಮ್ಮೆ ಅದಕ್ಕೆ ಎಣ್ಣೆ ಒರೆಸುತ್ತಿದ್ದಳು. ಕೊನೆಗೆ ಬಾಡಿಗೆಗೆ ಜಾಗ ಸಿಕ್ಕು ಕೂರಿಸಿದಾಗ, ಅದು ಕೊರೆದುಕೊಟ್ಟ ಒಂದು ಬುಷ್ ಕೂಡ ಬೇರಿಂಗಿಗೆ ಕೂರಲಿಲ್ಲ. ರಿಪೇರಿಗೆ ಕೇಳಿದ ರೊಕ್ಕ ಯಂತ್ರದ ಬೆಲೆಗಿಂತ ಹೆಚ್ಚಾಗಿತ್ತು. ಗುಜರಿಯವನು ಬಂದು ತೂಕಕ್ಕೆ ಒಯ್ದ. ಮಾವ ಇನ್ನೊಬ್ಬರ ವರ್ಕ್‌ಶಾಪಿನಲ್ಲಿ ಕೂಲಿಗೆ ಹೋದ. ಎಡೆಕುಂಟೆಯ ಬೇಡಿಕೆ ಹೇಳಿದ್ದವರು ಒಂದು ಸಲ ಬಂದು ವಿಚಾರಿಸಿ ಹೋದರು, ಮತ್ತೆ ಬರಲಿಲ್ಲ.

ನಮ್ಮ ಮಾವ ಕಿರ್ಲೋಸ್ಕರರಾಗುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಆದರೆ 1909ರಲ್ಲಿ ಬೆಳಗಾವಿಯ ಆ ಶೆಡ್ಡನ್ನು ಹೊರಗಿನಿಂದ ನೋಡಿದವರಿಗೂ ಕಂಡದ್ದು ಇಂಥದ್ದೇ ಒಂದು ಶೆಡ್ಡು.

ಸಂಶೋಧಕರ, ಉದ್ಯಮಿಗಳ ಕತೆಗಳನ್ನು ನಾವು ಮಕ್ಕಳಿಗೆ ಹೇಳುವ ರೀತಿಯಲ್ಲಿಯೇ ಒಂದು ತಪ್ಪಿದೆ. ಒಬ್ಬ ಬುದ್ಧಿವಂತ ಇದ್ದ, ಸಾವಿರ ಸಲ ಸೋತ, ಛಲ ಬಿಡಲಿಲ್ಲ, ಗೆದ್ದ ಎನ್ನುತ್ತೇವೆ. ಛಲ ಬೇಕು, ಒಪ್ಪುತ್ತೇನೆ. ಆದರೆ ಹತ್ತಿರ ಹೋಗಿ ನೋಡಿದರೆ ಪ್ರತಿ ಕತೆಯಲ್ಲಿಯೂ ಇನ್ನೊಬ್ಬರು ಇರುತ್ತಾರೆ. ಜಾಗ ಕೊಟ್ಟವರು, ಕಾದವರು, ಮೊದಲನೆಯದನ್ನು ಕೊಂಡವರು. ಕತೆ ಹೇಳುವಾಗ ಅವರನ್ನು ಬಿಟ್ಟುಬಿಡುತ್ತೇವೆ, ಆದ್ದರಿಂದ ಅವರ ಕೆಲಸ ಯಾರ ಕೆಲಸವೂ ಆಗದೆ ಉಳಿಯುತ್ತದೆ.

ನಮ್ಮ ಕರಾವಳಿಯನ್ನೇ ನೋಡಿ. ಜರ್ಮನಿಯ ಗೇಯಾರ್ಗ್ ಪ್ಲೆಬ್ಸ್ಟ್ ಮಂಗಳೂರಿಗೆ ಬಂದದ್ದು ಬಾಸೆಲ್ ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆ. ಅಚ್ಚಿನ ಮೊಳೆಗಳ ನಡುವೆ ಇದ್ದವನು ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ನೋಡಿ, ಇದು ಹೆಂಚಿಗೆ ಒಗ್ಗುತ್ತದೆ ಎಂದ. ನಿನ್ನನ್ನು ಕಳಿಸಿದ್ದು ಪುಸ್ತಕ ಅಚ್ಚುಹಾಕಲು, ಮಣ್ಣು ಕಲಸಲು ಅಲ್ಲ ಎಂದು ಮಿಷನ್ನಿನವರು ಹೇಳಬಹುದಿತ್ತು. ಹೇಳಲಿಲ್ಲ. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು, ಮಂಗಳೂರು ಹೆಂಚು ಕಡಲು ದಾಟಿ ಹೋಯಿತು. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಅವರು ನೇಕಾರರ ಕಷ್ಟ ನೋಡಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಶುರುಮಾಡಿದರು. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನವನೇ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಪಡೆದು ಬರೆದುಕೊಂಡು ಹೋಗುತ್ತಿದ್ದ. ಎರಡಾಣೆಯವನ ಮನೆಗೆ ಬ್ಯಾಂಕು ನಡೆದುಕೊಂಡು ಹೋಗಬಹುದು ಎಂಬುದು ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಆವಿಷ್ಕಾರ. ಅದು ನಡೆದದ್ದು ಉಡುಪಿಯ ಬೀಡಾ ಅಂಗಡಿಯವರೂ ಮೀನು ಮಾರುವವರೂ ಆ ಎರಡಾಣೆಯನ್ನು ನಂಬಿ ಕೊಟ್ಟದ್ದರಿಂದ.

ಸರ್ಕಾರದಿಂದ ಇದೆಲ್ಲ ಆಗದು ಎನ್ನಬೇಡಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರ ಹರಾಜಾಗಿ ಎಣ್ಣೆ ತೆಗೆಯಲು ಬಹುಪಾಲು ಜರ್ಮನಿಗೆ ಹೋಗುತ್ತಿತ್ತು. ಯುದ್ಧ ಶುರುವಾದೊಡನೆ ಮರ ಇಲ್ಲಿಯೇ ಕೊಳೆಯುವಂತಾಯಿತು. ಸಂಸ್ಥಾನ ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಣ್ಣೆ ಇಳಿಸಿ ನೋಡಿಸಿತು, 1916ರಲ್ಲಿ ಕಾರ್ಖಾನೆ ತೆರೆಯಿತು, ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿತು. ಶಾಸ್ತ್ರಿಗಳು ಕಲಿತು ಬರುವವರೆಗೆ ಕಾಯಿತು. ಇಂದಿಗೂ ನಮ್ಮ ಬಚ್ಚಲುಮನೆಗಳಲ್ಲಿ ಆ ಪರಿಮಳ ಇದೆ.

ನಿಮ್ಮ ಕೈಯಲ್ಲಿ ಸಂಸ್ಥಾನ ಇಲ್ಲ, ಗೊತ್ತು. ಕಾಯ್ದೆ ಇದೆ, ನ್ಯಾಯಾಲಯದ ಆದೇಶಗಳಿವೆ, ಮೇಲಿನಿಂದ ಒತ್ತಡವಿದೆ. ರಸ್ತೆ ಅಗಲವಾಗದಿದ್ದರೆ ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುತ್ತದೆ, ಅದೂ ಒಂದು ಜೀವ. ರಸ್ತೆ ಮಾಡಬೇಡಿ ಎಂದು ನಾನು ಕೇಳುತ್ತಿಲ್ಲ. ನಾನು ಕೇಳುವುದಕ್ಕೆ ಹೆಚ್ಚು ಖರ್ಚಿಲ್ಲ. ತೆರವಿನ ಪಟ್ಟಿ ತಯಾರಿಸುವಾಗ ಒಂದು ಕಾಲಂ ಹೆಚ್ಚು ಹಾಕಿ, 'ಒಳಗೆ ಏನು ತಯಾರಾಗುತ್ತದೆ' ಎಂದು. ಅದನ್ನು ತುಂಬಲು ಒಬ್ಬ ಎಂಜಿನಿಯರ್ ಶೆಡ್ಡಿನೊಳಗೆ ಹೋಗಲೇಬೇಕಾಗುತ್ತದೆ. ಒಳಗೆ ಪಾಯ ಹಾಕಿ ಕೂರಿಸಿದ ಯಂತ್ರ ಇದ್ದರೆ ಹದಿನೈದು ದಿನ ಸಾಲದು, ಆರು ತಿಂಗಳಾದರೂ ಕೊಡಿ. ಆ ಆರು ತಿಂಗಳಲ್ಲಿ ನಿಮ್ಮದೇ ಸುಪರ್ದಿಯಲ್ಲಿ ಖಾಲಿ ಬಿದ್ದಿರುವ ಮಳಿಗೆ, ಗೋದಾಮು, ಹಳೆಯ ಪಂಪ್‌ಹೌಸ್ ಯಾವುದಾದರೊಂದನ್ನು ನ್ಯಾಯವಾದ ಬಾಡಿಗೆಗೆ ತೋರಿಸಿ. ಔಂಧದ ರಾಜ ಕೊಟ್ಟದ್ದೂ ಫಲವತ್ತಾದ ನೆಲವಲ್ಲ, ಕಳ್ಳಿ ಬೆಳೆದ ಬಂಜರು. ಏಳಿ ಎನ್ನುವವರಿಲ್ಲದ ಜಾಗವಾದರೆ ಉಳಿದದ್ದನ್ನು ಕೆಲಸಗಾರರೇ ನೋಡಿಕೊಳ್ಳುತ್ತಾರೆ.

ಕೊಳ್ಳುವ ವಿಷಯದಲ್ಲಿಯೂ ಒಂದು ಮಾತಿದೆ. ಪೌರಕಾರ್ಮಿಕರ ಕೈಗಾಡಿ, ಕಸದ ಸಲಿಕೆ, ಚರಂಡಿಯ ಹೂಳೆತ್ತುವ ಸಲಕರಣೆ ಇವೆಲ್ಲ ನಿಮಗೆ ಪ್ರತಿ ವರ್ಷ ಬೇಕು. ಟೆಂಡರ್ ಕರೆಯುವಾಗ ಮೂರು ವರ್ಷದ ವಹಿವಾಟು, ಇಷ್ಟು ಲಕ್ಷದ ಅನುಭವ ಪ್ರಮಾಣಪತ್ರ ಎಂದು ಕೇಳುತ್ತೀರಿ. ಮೊದಲ ಸಲ ಮಾಡುವವನ ಹತ್ತಿರ ಅದು ಹೇಗೆ ಇದ್ದೀತು? ನಿಯಮ ಅವಕಾಶ ಕೊಡುವಷ್ಟು ಸಣ್ಣ ಮೊತ್ತದ ಖರೀದಿಯಲ್ಲಾದರೂ ನಿಮ್ಮ ಊರಿನ ವರ್ಕ್‌ಶಾಪಿನವರನ್ನು ಕರೆದು ಒಂದು ಮಾಡಿಸಿ ನೋಡಿ. ಅದನ್ನು ತಳ್ಳುವ ಪೌರಕಾರ್ಮಿಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿ. ಹಿಡಿಕೆಯ ಎತ್ತರ ಸರಿಯಿಲ್ಲ ಎಂದು ಅವರು ಹೇಳುತ್ತಾರೆ. ಹೇಳಿದ ಮರುದಿನ ನಾಲ್ಕು ತೂತು ಕೊರೆದುಕೊಡುವವನು ನಿಮ್ಮ ಊರಿನಲ್ಲಿಯೇ ಇರುತ್ತಾನೆ.

ಕೊನೆಯದಾಗಿ ಬೆಳಗಾವಿಯ ಮಹಾಪೌರರಿಗೂ ಆಯುಕ್ತರಿಗೂ ಬೇರೆಯಾಗಿ ಒಂದು ಬೇಡಿಕೆ. ಇಂದು ನಿಮ್ಮ ನಗರ ಫೌಂಡ್ರಿಗಳ ನಗರ. ಉದ್ಯಮಬಾಗ ಕೈಗಾರಿಕಾ ಪ್ರದೇಶದ ಯಾವ ಓಣಿಗೆ ಹೋದರೂ ಎರಕದ ಮರಳಿನ ವಾಸನೆ ಮೂಗಿಗೆ ಬಡಿಯುತ್ತದೆ. ಪಾಲಿಕೆಯ ದಾಖಲೆ ಕೋಣೆಯಲ್ಲಿ 1909, 1910ರ ನಡವಳಿ ಪುಸ್ತಕಗಳನ್ನು ಹುಡುಕಿಸಿ. ಕಾರ್ಖಾನೆಯ ಜಾಗ ಬಿಡಿಸಿದ ಠರಾವನ್ನು ಹೊರತೆಗೆಸಿ, ಯಾರ ಮೇಲೂ ದೋಷ ಹೊರಿಸದೆ, ಅದರ ಪ್ರತಿಯನ್ನು ಕನ್ನಡ ಅನುವಾದದೊಂದಿಗೆ ಚೌಕಟ್ಟು ಹಾಕಿಸಿ ನಿಮ್ಮ ಸಭಾಂಗಣದ ಗೋಡೆಗೆ ತೂಗುಹಾಕಿ. ತೆರವಿನ ವಿಷಯ ಸಭೆಗೆ ಬಂದ ದಿನ ಸದಸ್ಯರ ಕಣ್ಣಿಗೆ ಬೀಳುವಂತೆ ಅದು ಎದುರುಗೋಡೆಯಲ್ಲಿರಲಿ. ಪುಸ್ತಕಗಳ ಹಾಳೆ ಜೀರ್ಣವಾಗಿದ್ದರೆ, ಬಿಡಿಸಿ ಓದಿ ಬರೆದುಕೊಡಲು ನಾನು ಬರುತ್ತೇನೆ. ಹಳೆಯ ಮರಾಠಿ ದಾಖಲೆಗಳ ಮೋಡಿ ಲಿಪಿ ಬಲ್ಲ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ, ಅವರನ್ನೂ ಕರೆತರುತ್ತೇನೆ. ಯಾವ ದಿನ ಬರಬೇಕೆಂದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಬೆಳಗಾವಿ ಜಿಲ್ಲೆಯ ಒಬ್ಬ ನಾಗರಿಕ